ನೀಲಿ ಗೀಟು ಊಟಕ್ಕ ಬರ್ತಾವೇನ್ರಿ?

ನನ್ನ ಹೆಸರು ವಾಲ್ಮೀಕಿ. ಬಳ್ಳಾರಿ ಪಾರ್ವತಿನಗರದಾಗ ಮನಿ, ಹುಟ್ಟಿದೂರು ಕುರುಗೋಡು, ಹೆಣ್ಣು ತಂದದ್ದು ಸಿರುಗುಪ್ಪ ತಾಲೂಕಿನ ಕರೂರಿಂದ. ಕೆಲಸ ಒಂದು ಸಹಕಾರಿ ಬ್ಯಾಂಕಿನಾಗ ಮಾಹಿತಿ ಸುರಕ್ಷತಾ ಅಧಿಕಾರಿ. ಹಂಗಂದ್ರ ಏನಂತ ನಮ್ಮ ಓಣಿಯಾಗ ಯಾರಿಗೂ ಗೊತ್ತಿಲ್ಲ. ಬ್ಯಾಂಕಿನ ಬಾಗಿಲಾಗ ಬಂದೂಕು ಹಿಡಕೊಂಡು ಕುಂದ್ರಾಂವ ಅಂತ ಅರ್ಧ ಮಂದಿ ತಿಳಕೊಂಡಾರ. ಆ ಬಂದೂಕಿನಾಂವಗ ನನಗಿಂತ ಮರ್ಯಾದಿ ಜಾಸ್ತಿ ಐತಿ, ಅದು ಬ್ಯಾರೆ ಮಾತು.

ನನ್ನ ಕೆಲಸ ಸಣ್ಣದಾಗಿ ಹೇಳಬೇಕಂದ್ರ, ಯಾರನ್ನೂ ನಂಬಬ್ಯಾಡ್ರಿ ಅಂತ ಮಂದಿಗೆ ಹೇಳೋದು. ಇಪ್ಪತ್ತು ವರ್ಷ ಹೇಳಿ ಹೇಳಿ ನನಗೂ ಅದ ಚಟ ಹತ್ತೇತಿ. ಮನಿಗೆ ಮೂರು ಚಿಲಕ, ಮೂರು ಕೀಲಿ. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕ ಹಣಿಬೊಟ್ಟಿನ ಸ್ಟಿಕರ್. ತರಕಾರಿ ಮಾರಾಕಿ ಸೈತ ಫೋನಿನಾಗ ರೊಕ್ಕ ತಗೊಂತಾಳ, ನಾ ಮಾತ್ರ ಚಿಲ್ರಿ ಎಣಿಸಿ ಕೊಡ್ತೀನಿ. ವೈಫೈ ಪಾಸ್‌ವರ್ಡ್ ತಿಂಗಳಿಗೊಂದು ಸಲ ಬದಲಾಯಿಸಿ, ಬದಲಾಯಿಸಿದ್ದು ಮರತು, ಮಗಳ ಕೈಲಿ ಬೈಸ್ಕೊಂತೀನಿ. ನನ್ನ ಹೆಂಡ್ತಿ ದುರ್ಗಾದೇವಿ ಬಂದವರ ಮುಂದೆಲ್ಲ ಒಂದ ಮಾತು ಹೇಳ್ತಾಳ: "ನಮ್ಮ ಮನಿಯಾಗ ಉಪ್ಪಿನ ಡಬ್ಬಿ ಒಂದಕ್ಕ ಪಾಸ್‌ವರ್ಡ್ ಇಲ್ಲ ನೋಡ್ರಿ. ಅದಕ್ಕೂ ಇಟ್ರ ಅವತ್ತ ನಾ ತವರಿಗೆ."

ಹೋದ ವರ್ಷ ಫೋನಿನಾಗ ಮದುವಿ ಕಾರ್ಡಿನ ವೇಷದ ಫೈಲು ಕಳಿಸಿ ಮೋಸ ಮಾಡೋದು ಸುರು ಆತು. ಒತ್ತಿದ್ರ ಮುಗೀತು, ಫೋನು ಕಳ್ಳನ ಕೈಯಾಗ. ನಮ್ಮ ಬ್ಯಾಂಕಿನವರು ನನಗ ಒಂದು ಆಟೋ, ಒಂದು ಮೈಕು ಕೊಟ್ಟು ಊರೂರಿಗೆ ಕಳಿಸಿದ್ರು. ಕುರುಗೋಡು, ತೆಕ್ಕಲಕೋಟೆ, ಸಿರುಗುಪ್ಪ, ಕರೂರು, ಎಲ್ಲಾ ಕಡಿ ಗಂಟಲು ಹರಕೊಂಡೆ. "ಮದುವಿ ಕಾರ್ಡಂತ ಫೋನಿಗೆ ಏನರ ಬಂದ್ರ ತೆಗೀಬ್ಯಾಡ್ರಿ! ಸ್ವಂತ ಅಣ್ಣ ಕಳಿಸಿದ್ರೂ ತೆಗೀಬ್ಯಾಡ್ರಿ! ಅಳಸ್ರಿ, ಬ್ಲಾಕ್ ಮಾಡ್ರಿ, ಕಂಪ್ಲೇಂಟ್ ಕೊಡ್ರಿ! ಯಾವುದೇ ಇರ್ಲಿ, ಎರಡು ಕಡಿ ಖಾತ್ರಿ ಮಾಡ್ಕೋರಿ!" ಕುರುಗೋಡಿನಾಗ ನಮ್ಮ ಸೋದರತ್ತಿ ಮೂಕಮ್ಮ ಮುಂದಿನ ಸಾಲಿನಾಗ ಕುಂತು ತಲಿ ಅಲ್ಲಾಡಿಸಿದ್ಳು. ಕರೂರಿನಾಗ ನನ್ನ ಹೆಂಡ್ತಿ ತಮ್ಮ ಎರ್ರಣ್ಣ ಎದ್ದು ನಿಂತು ಚಪ್ಪಾಳಿ ಹೊಡದ. ನನ್ನ ಮಾತು ಇಷ್ಟು ಮಂದಿ ಇಷ್ಟು ಭಕ್ತಿಯಿಂದ ಕೇಳಿದ್ದು ಅದ ಮೊದಲು, ಎದಿ ಉಬ್ಬಿತ್ತು.

ಇರ್ಲಿ. ನಾ ಹೇಳಾಕ ಕುಂತದ್ದು ನನ್ನ ಕತಿ ಅಲ್ಲ, ಕರೂರಿನ ಸುಂಕಪ್ಪನ ಕತಿ. ನಂದು ನಡುವೆ ನಡುವೆ ಬರ್ತೈತಿ, ಯಾಕಂದ್ರ ಮೂರ್ಖ ಇಲ್ದ ಕತಿ ಮುಂದ ಹೋಗಂಗಿಲ್ಲ.

ಸುಂಕಪ್ಪಗ ಎಪ್ಪತ್ತು ದಾಟ್ಯಾವು. ಗದ್ದಿಯಾಗ ಕೂಲಿ ಮಾಡ್ಕೊಂತ ಬಂದ ಮನುಷ್ಯ. ಹೆಂಡ್ತಿ ತೀರಿ ಬಹಳ ವರ್ಷ ಆತು, ಮಕ್ಕಳಿಲ್ಲ. ಒಂದು ಕೋಣಿ, ಒಂದು ಹೊರಸು, ಒಂದು ಕೊಡ. ಫೋನು ಅನ್ನೋದನ್ನ ಕೈಯಾಗ ಹಿಡದಾಂವಲ್ಲ. ಆದ್ರ ಮದುವಿ ದಿನಮಾನ ಬಂತಂದ್ರ ಅವನಷ್ಟು ದೊಡ್ಡ ಮನುಷ್ಯ ಸುತ್ತಮುತ್ತ ಇಲ್ಲ. ಯಾಕಂದ್ರ ನನ್ನ ಹೆಂಡ್ತಿ ತವರಿನ ಕಡಿ ಕಾರ್ಡ್ ಛಾಪಿಸಿದ್ರ ಕರದಂಗ ಆಗಂಗಿಲ್ಲ. ಮದುವಿ ಮನಿಯವರು ಒಬ್ರು, ಜೊತಿಗೆ ಸುಂಕಪ್ಪ, ಮನಿ ಮನಿಗೆ ಹೋಗಿ ಹಣಿಗೆ ಕುಂಕುಮ ಹಚ್ಚಿ, ಕೈಯಾಗ ಅಕ್ಕಿಕಾಳು ಹಾಕಿ, ಬಾಯಿ ಬಿಟ್ಟು ಕರೀಬೇಕು. ಹಂಗ ಕರೀಲಿಲ್ಲಾ ಅಂದ್ರ ಒಡಹುಟ್ಟಿದಾಂವ ಸೈತ ಬರಂಗಿಲ್ಲ. ಬಂದ್ರ ಅವನ ಮಾನ ಹೋತು.

ಐವತ್ತು ವರ್ಷದಿಂದ ಈ ಕೆಲಸ ಸುಂಕಪ್ಪಂದು. ಮುನ್ನೂರು ಮನಿ ಅವನ ತಲಿಯಾಗ ಅದಾವು. ಯಾರ ಮನಿಯಾಗ ಎಷ್ಟು ಬಾಯಿ, ಯಾವ ಮನಿ ಎರಡಾಗೇತಿ, ಯಾರನ್ನ ಮೊದಲು ಕರೀದಿದ್ರ ಯಾರು ಮುನೀತಾರ, ಯಾರ ಮನಿಗೆ ಮಂಗಳವಾರ ಹೋಗಬಾರದು, ಎಲ್ಲಾ. ಕೂಲಿ ಅಂತ ಏನೂ ತಗೊಳ್ಳಂಗಿಲ್ಲ. ಕೊನಿಗೆ ಒಂದು ಟವಲು ಹೊಚ್ಚಿದ್ರ ಮುಗೀತು.

ನನ್ನ ಒಬ್ಬಳೇ ಮಗಳು ಅಕ್ಷಿತಾನ ಮದುವಿ ಗೊತ್ತಾತು. ವರ ಹೊಸಪೇಟಿ ಕಡಿಯಾಂವ, ಒಳ್ಳೆ ಹುಡುಗ. ಲಗ್ನ ಬಳ್ಳಾರಿಯಾಗ. ಸುದ್ದಿ ಕಿವಿಗೆ ಬಿದ್ದದ್ದ ತಡ ಸುಂಕಪ್ಪ ಬಸ್ ಹತ್ತಿ ಪಾರ್ವತಿನಗರಕ್ಕ ಬಂದ. ಹೆಗಲಿಗೆ ಹಳೇ ಚೀಲ, ಅದರಾಗ ಕಟ್ಟಿಗಿ ಕುಂಕುಮದ ಭರಣಿ.

"ಅಳಿಯಾರ, ಎಂದಿನಿಂದ ಹೊಂಡೋಣ್ರಿ?" ಅಂದ. ಊರ ಮಗಳ ಗಂಡ ಅಂತ ನಾನು ಅವಗ ಅಳಿಯ.

"ಸುಂಕಪ್ಪ ಮಾವ, ಈ ಸಲ ತಿರುಗಾಟ ಇಲ್ಲ. ಕಾರ್ಡೂ ಛಾಪಸಂಗಿಲ್ಲ. ಎಲ್ಲಾ ಫೋನಿನಾಗ," ಅಂದೆ.

ಒಳಗ ದುರ್ಗಾದೇವಿ ಕೈಯಾಗಿನ ಪಾತ್ರಿ ಜೋರಾಗಿ ಇಟ್ಟ ಸಪ್ಪಳ ಕೇಳಿತು. ನಾ ಕೇಳಿಸ್ಕೊಳ್ಳಲಿಲ್ಲ. ಹದಿನೈದು ದಿನದಿಂದ ಅಕಿಗೆ ಹೇಳಿದ್ದನ್ನ ಅವಗೂ ಹೇಳಿದೆ. ಕಾರ್ಡಿನ ಮ್ಯಾಲ ಮನಿ ವಿಳಾಸ, ಮದುವಿ ದಿನ, ಹೊತ್ತು ಎಲ್ಲಾ ಛಾಪಿಸಿ ಊರತುಂಬ ಹಂಚೋದು ಅಂದ್ರ, 'ಕಳ್ಳಣ್ಣಾ, ಅವತ್ತು ಮನಿಯಾಗ ಯಾರೂ ಇರಂಗಿಲ್ಲ, ಬಾರಪ್ಪ' ಅಂತ ಕುಂಕುಮ ಹಚ್ಚಿ ಕರದಂಗ. ಅದಕ್ಕ ನಾ ಸ್ವಂತ ಕೈಯಾರೆ ಒಂದು ಸುರಕ್ಷಿತ ಆಮಂತ್ರಣ ತಯಾರ ಮಾಡಿದ್ದೆ. ಫೋನಿಗೆ ಒಂದು ಲಿಂಕ್ ಹೋಗ್ತೈತಿ. ಒತ್ತಿದ್ರ ಆರು ಅಂಕಿ ಬರ್ತಾವು. ಅದನ್ನ ಹಾಕಿದ್ರ ಕಾರ್ಡ್ ಕಾಣ್ತೈತಿ. ಒಂದು ಸಲ ನೋಡಿದ ಮ್ಯಾಲ ಮಾಯ.

ಸುಂಕಪ್ಪ ಎಲ್ಲಾ ಕೇಳಿ ಚಾ ಲೋಟ ಕೆಳಗಿಟ್ಟ. "ಯಾರು ಬರ್ತಾರ, ಯಾರು ಬರಂಗಿಲ್ಲ ಅಂತ ನಿಮಗ ಹೆಂಗ ಗೊತ್ತಾಕ್ಕೈತ್ರಿ?"

"ಓದಿದ್ರ ಎರಡು ಗೀಟು ನೀಲಿ ಆಗ್ತಾವು ಮಾವ."

"ಗೀಟು ಊಟಕ್ಕ ಬರ್ತಾವೇನ್ರಿ?"

ನಾ ನಕ್ಕೆ. ಅವ ನಗಲಿಲ್ಲ. ಚೀಲ ಹೆಗಲಿಗೆ ಏರಿಸ್ಕೊಂಡು, "ಆಗಲ್ರಿ, ನಿಮಗ ತಿಳಿತೈತಿ" ಅಂತ ಹೋದ. ದುರ್ಗಾದೇವಿ ಹೊರಗ ಬಂದು, "ಅವ ನನ್ನ ಮದುವಿ ಕರದಾಂವ, ನಮ್ಮವ್ವನ ಮದುವಿ ಕರದಾಂವ. ಅವನ್ನ ಬಾಗಿಲದಿಂದ ತಿರುಗಿ ಕಳಿಸಿದಿರಿ. ನೋಡ್ತಿರ್ರಿ," ಅಂದ್ಳು. ಹೆಂಡ್ತಿ 'ನೋಡ್ತಿರ್ರಿ' ಅಂದ್ರ ಅದಕ್ಕಿಂತ ದೊಡ್ಡ ಎಚ್ಚರಿಕಿ ಯಾವ ಕಂಪ್ಯೂಟರಿನಾಗೂ ಇಲ್ಲ. ನಾ ಅದನ್ನೂ ಅಲಕ್ಷ್ಯ ಮಾಡಿದೆ.

ಮುನ್ನೂರಾ ಹನ್ನೆರಡು ನಂಬರಿಗೆ ಆಮಂತ್ರಣ ಕಳಿಸಿ ಕೈ ತಟ್ಟಿಕೊಂಡೆ.

ಮದುವಿಗೆ ಎಂಟು ದಿನ ಇತ್ತು. ಬ್ಯಾಂಕಿನಾಗ ನನ್ನ ಮೇಜಿನ ಮ್ಯಾಲ ಒಂದು ದೂರು ಬಂತು. ಮೋಸದ ದೂರು ಎಲ್ಲಾ ನನ್ನ ಹಂತ್ಯಾಕ ಬರ್ತಾವು. ತೆಗದು ಓದಿದೆ. 'ಮದುವೆ ಆಮಂತ್ರಣದ ಸೋಗಿನಲ್ಲಿ ವಂಚನೆ ಯತ್ನ. ವಂಚಕರು ತಮ್ಮ ಬ್ಯಾಂಕಿನ ಅಧಿಕಾರಿಯ ಹೆಸರನ್ನೇ ಬಳಸಿಕೊಂಡಿದ್ದಾರೆ. ಕಠಿಣ ಕ್ರಮ ಕೈಗೊಳ್ಳಬೇಕು.' ಕೆಳಗ ವಂಚಕನ ನಂಬರ್ ಇತ್ತು. ನನ್ನ ನಂಬರ್. ದೂರು ಕೊಟ್ಟಾಂವ: ಎರ್ರಣ್ಣ, ಕರೂರು.

ಯವ್ವಾ! ಎಷ್ಟು ಮಂದಿ ತೆಗದಾರ ನೋಡಿದೆ. ಮುನ್ನೂರಾ ಹನ್ನೆರಡರಾಗ ಒಂಬತ್ತು. ಅದರಾಗ ಏಳು ನನ್ನ ಆಫೀಸಿನವರು, ನಾ ಬೈತೀನಂತ ತೆಗದವರು. ಇನ್ನೊಂದು ಅಕ್ಷಿತಾ. ಇನ್ನೊಂದು ನಾನ. ಉಳಿದವರು ಅಳಸಿದ್ರು. ನಲವತ್ತು ಮಂದಿ ನನ್ನನ್ನ ಬ್ಲಾಕ್ ಮಾಡಿದ್ರು. ಮೈಕ್ ಹಿಡದು ನಾ ಏನು ಹೇಳಿದ್ನೋ ಅದನ್ನ ಅಕ್ಷರ ಅಕ್ಷರ ಪಾಲಿಸಿದ್ರು. ಆಚಾರ ಹೇಳಾಕ, ಬದನಿಕಾಯಿ ತಿನ್ನಾಕ ಅಂತಾರಲ್ಲ, ನಾ ಹೇಳಿದ ಆಚಾರ ಊರು ಹಿಡೀತು, ಬದನಿಕಾಯಿ ನನ್ನ ಗಂಟಲಾಗ ಸಿಕ್ಕೊಂತು.

ಎರ್ರಣ್ಣಗ ಫೋನ್ ಹಚ್ಚಿದೆ. ನಾನು ಬ್ಲಾಕ್. ಮನಿಗೆ ಓಡಿಬಂದು ದುರ್ಗಾದೇವಿ ಫೋನಿಂದ ಹಚ್ಚಿದೆ. ಅವ ಖುಷಿಯಿಂದ ಸುರು ಮಾಡಿದ: "ಬಾವ, ಯಾರೋ ಹಲ್ಕಟ್ಟು ನಿನ್ನ ಹೆಸರು ಹೇಳ್ಕೊಂಡು ಮೋಸ ಮಾಡಾಕತ್ತಾನ. ನಾ ನಮ್ಮ ಕಡಿ ಮಂದಿಗೆಲ್ಲ ಹೇಳೀನಿ, ತೆಗೀಬ್ಯಾಡ್ರಿ, ನಮ್ಮ ಬಾವ ಹಂಗ ಫೋನಿನಾಗ ಕರಿಯೋವಷ್ಟು ಸಣ್ಣಾಂವಲ್ಲ ಅಂತ."

"ಎರ್ರಣ್ಣ," ಅಂದೆ, "ಅದು ನಾನ ಕಳಿಸಿದ್ದು."

"ಖರೇನು?" ಅಂದ.

"ಖರೇ. ದಿನ ನಿನಗ ಗೊತ್ತೈತಲ್ಲೋ, ನಿಶ್ಚಯಕ್ಕ ನೀನ ಇದ್ದಿ..."

"ದಿನ ಗೊತ್ತಿದ್ರ ಆತೇನು ಬಾವ? ನಾ ಸೋದರಮಾವ ಅದೀನಿ. ನೀ ಬರ್ತಿ, ಸುಂಕಪ್ಪ ಬರ್ತಾನ ಅಂತ ದಿನಾ ಕಟ್ಟಿ ಮ್ಯಾಲ ಕುಂತು ದಾರಿ ನೋಡೀನಿ," ಅಂದ. ಫೋನ್ ಇಟ್ಟ.

ನಮ್ಮ ಕಡಿ ಸೋದರಮಾವ ಕೈ ಹಿಡದು ಕರಕೊಂಡು ಬರದ ಮದುಮಗಳು ಹಂದರದಾಗ ಕಾಲಿಡಂಗಿಲ್ಲ. ಅಕ್ಷಿತಾಗ ಇರಾಂವ ಒಬ್ಬನೇ ಸೋದರಮಾವ. ಅಕಿ ಸಣ್ಣಾಕಿದ್ದಾಗ ಹೆಗಲ ಮ್ಯಾಲ ಕೂಡ್ರಿಸ್ಕೊಂಡು ಗದ್ದಿ ಬದುವು ತಿರುಗಿದಾಂವ. ಅಕಿ ಬಾಗಿಲದಾಗ ನಿಂತು ಎಲ್ಲಾ ಕೇಳಿಸ್ಕೊಂಡಿದ್ಳು. ಬೈಲಿಲ್ಲ. "ಅಪ್ಪಾ, ಮಾವ ಬರಲಿಲ್ಲಾ ಅಂದ್ರ ನಾ ಒಬ್ಬಾಕಿ ಹೆಂಗ ಹೋಗಲಿ?" ಅಂತ ಕೇಳಿದ್ಳು. ಬೈದಿದ್ರ ಚಲೋ ಇತ್ತು. ಬಚ್ಚಲಮನಿಗೆ ಹೋಗಿ ನಳ ಬಿಟ್ಟು ಅತ್ತೆ, ಸುಳ್ಳ್ಯಾಕ ಹೇಳಲಿ.

ಮರುದಿನ ಮುಂಜಾನಿ ಕರೂರಿನಾಗ ಸುಂಕಪ್ಪನ ಹೊರಸಿನ ಮುಂದ ನಿಂತೆ. ಹೋದ ಸಲ ತಿರುಗಿ ಕಳಿಸಿದ್ದಕ್ಕ ಒಂದು ಮಾತು ಆಡಲಿಲ್ಲ ಆ ಮನುಷ್ಯ. "ಏಳು ದಿನ ಐತ್ರಿ. ಆಕ್ಕೈತಿ. ಆದ್ರ ನಾಳಿಂದ ಆ ಫೋನು ಮನಿಯಾಗ ಬಿಟ್ಟು ಬರ್ರಿ, ನಡುವೆ ಬಾಯಿ ಹಾಕ್ತೈತಿ. ಇವತ್ತು ಬಂದ್ ಮಾಡಿ ನನ್ನ ಚೀಲಕ್ಕ ಹಾಕ್ರಿ," ಅಂದ. ಮುನ್ನೂರು ಮಂದಿ ಗುಟ್ಟು ಇಟ್ಟ ಫೋನನ್ನ ಗುಂಡಿ ಇಲ್ದ ಚೀಲಕ್ಕ ಹಾಕಿದೆ.

ಮೊದಲು ಎರ್ರಣ್ಣನ ಮನಿ. ಹೊಸ್ತಿಲದಾಗ ನಿಂತು ನಾ ಬಾಯಿ ತೆಗಿಯಾಕ ಹೋದೆ, ಸುಂಕಪ್ಪ ಕೈ ಹಿಡದ. "ಮನಿಯಾಗಿನವರು ಇಬ್ರು ಬರೋತನಕ ಮಾತಾಡಬಾರದ್ರಿ. ಒಬ್ರಿಗೆ ಹೇಳಿದ್ದು ಮರತು ಹೋಗ್ತೈತಿ. ಇಬ್ರಿಗೆ ಹೇಳಿದ್ರ ಇಲ್ಲಾ ಅನ್ನಾಕ ಬರಂಗಿಲ್ಲ." ನಾ ಬ್ಯಾಂಕಿನವರಿಗೆ ಮೂರು ದಿನ ಪಾಠ ಮಾಡಿ ತಿಳಿಸೋ ವಿಷಯ ಇದು, ಇವ ಹೊಸ್ತಿಲದಾಗ ನಿಂತು ಹೇಳಿ ಮುಗಿಸಿದ.

ಎರ್ರಣ್ಣನ ಹೆಂಡ್ತಿ ಹೊರಗ ಬಂದು, "ಅವರು ಇಲ್ರಿ, ಗದ್ದಿಗೆ ಹೋಗ್ಯಾರ," ಅಂದ್ಳು. ಅಕಿ ಕಾಲ ಹಂತ್ಯಾಕ ಎರ್ರಣ್ಣನ ಚಪ್ಪಲಿ ಇದ್ದವು. ಸುಂಕಪ್ಪ ಚಪ್ಪಲಿ ನೋಡಿದ, ಕಟ್ಟಿ ಮ್ಯಾಲ ಕುಂತ. ನಾನೂ ಕುಂತೆ. ಬಿಸಿಲು ಕಟ್ಟಿ ಮ್ಯಾಲಿಂದ ಕಾಲಿಗೆ ಬಂತು, ಕಾಲಿಂದ ಅಂಗಳಕ್ಕ ಹೋತು. ಕೈ ತನ್ನಷ್ಟಕ್ಕ ತಾನು ಅಂಗಿ ಕಿಸೆಕ್ಕ ಹೋಗ್ತಿತ್ತು, ಫೋನ್ ಇಲ್ಲ, ತಿರುಗಿ ಬರ್ತಿತ್ತು. ಅಷ್ಟು ಹೊತ್ತು ಏನೂ ಮಾಡದ ಒಂದು ಕಡಿ ಕುಂತದ್ದು ನನಗ ನೆನಪಿಲ್ಲ. ಯಾವ ಮನಿ ಮುಂದ ನಾ ಹಿಂಗ ಕಾದೀನಿ ಅಂತ ಯೋಚನಿ ಮಾಡಿದೆ. ಯಾವ ಮನಿ ಮುಂದೂ ಇಲ್ಲ.

ಕೊನಿಗೆ ಎರ್ರಣ್ಣ ಬಂದು ಹೆಂಡ್ತಿ ಪಕ್ಕದಾಗ ನಿಂತ. ಮಾರಿ ಊದಿತ್ತು. "ಎರಡು ಕಡಿ ಖಾತ್ರಿ ಮಾಡ್ಕೋರಿ ಅಂತ ಮೈಕಿನಾಗ ಹೇಳಿದಾಂವ ನೀನ ಅಲ್ಲೇನು? ಹಂಗಾದ್ರ ಖಾತ್ರಿ ಕೊಡು. ನಿನ್ನ ಮದುವಿಗೆ ನಮ್ಮವ್ವಗ ಯಾವ ಬಣ್ಣದ ಸೀರಿ ತಂದಿದ್ದಿ?"

ನನ್ನ ತಲಿಯಾಗ ನೂರಾ ನಲವತ್ತು ಪಾಸ್‌ವರ್ಡ್ ಅದಾವು. ಅತ್ತಿ ಸೀರಿ ಬಣ್ಣ ಇಲ್ಲ. "ಹಸಿರು?" ಅಂದೆ. ಎರ್ರಣ್ಣ ತಲಿ ಅಲ್ಲಾಡಿಸಿದ. "ಕೆಂಪು?"

"ಅರಿಷಿಣ ಬಣ್ಣ, ಹಸಿರು ಅಂಚು," ಅಂದ ಸುಂಕಪ್ಪ. "ಸೆರಗಿನಾಗ ಒಂದು ಎಳಿ ಬಿಚ್ಚಿತ್ತು. ನಿಮ್ಮವ್ವ ಅದನ್ನ ಯಾರಿಗೂ ತೋರಿಸಬ್ಯಾಡ ಸುಂಕಪ್ಪ, ಅಳಿಯಗ ನಾಚಿಕಿ ಆಕ್ಕೈತಿ ಅಂದಿದ್ಳು. ನಾ ಇವತ್ತಿನತನಕ ಹೇಳಿದ್ದಿಲ್ಲ."

ಎರ್ರಣ್ಣನ ಕಣ್ಣಾಗ ನೀರು ಬಂತು. ನನಗೂ ಬಂತು. ನಾ ಕುಂಕುಮ ಹಚ್ಚಿದೆ, ಅಕ್ಕಿಕಾಳು ಕೊಟ್ಟೆ, ಎರಡೂ ಕೈ ಮುಗುದೆ. "ತಪ್ಪಾತೋ ಎರ್ರಣ್ಣ. ನಿನ್ನ ಸೊಸಿ ಮದುವಿ. ನೀ ಬಂದು ಕೈ ಹಿಡದು ನಡಸಬೇಕು," ಅಂದೆ. ಅವ ಮೂಗು ಒರಸ್ಕೊಂಡು, "ಮುಂಜಾನಿ ಸಿರುಗುಪ್ಪ ಕಡಿ ಮೊದಲ ಬಸ್ಸು ಎಷ್ಟೊತ್ತಿಗೈತಿ?" ಅಂತ ಹೆಂಡ್ತೀನ ಕೇಳಿದ.

ಓಣಿ ತಿರುವಿಗೆ ಬಂದ ಮ್ಯಾಲ ಸುಂಕಪ್ಪ ಅಂದ, "ಬರ್ತಾನ್ರಿ. ಬರಾಂವ ಬಸ್ಸು ಕೇಳ್ತಾನ."

"ಬರದಾಂವ?"

"ಬರದಾಂವ 'ಬರ್ತೀನಿ, ಬರ್ತೀನಿ' ಅಂತ ಎರಡು ಸಲ ಅಂತಾನ. ಒಂದು ಸಲ ನಿಮ್ಮ ಸಮಾಧಾನಕ್ಕ, ಒಂದು ಸಲ ತನ್ನ ಸಮಾಧಾನಕ್ಕ."

ನಾ ಇದನ್ನ ನಂಬಲಿಲ್ಲ. ನಂಬದಿರೋದ ನನ್ನ ಕೆಲಸ. ಸಿರುಗುಪ್ಪದಾಗ ನಮ್ಮ ದೂರದ ಸಂಬಂಧಿ ಒಬ್ಬಾಂವ, ದೊಡ್ಡ ಅಂಗಡಿ ಇಟ್ಟಾಂವ, ಬಾಯಿತುಂಬ ನಕ್ಕು, "ಅಯ್ಯ, ಬರ್ತೀವಿ, ಬರ್ತೀವಿ! ಅಕ್ಷಿತಾನ ಮದುವಿಗೆ ಬರದ ಇರ್ತೀವೇನು?" ಅಂತ ಅಪ್ಪಿಕೊಂಡ. ಹೊರಗ ಬಂದಕೂಡಲೇ ಸುಂಕಪ್ಪ, "ಇಲ್ಲಿ ಐದು ಎಲಿ ಕಡಿಮಿ ಮಾಡ್ರಿ," ಅಂದ. ಅಷ್ಟು ಪ್ರೀತಿಲೆ ಅಪ್ಪಿಕೊಂಡಾನ, ಬರ್ತಾನ ಬಿಡು ಅಂತ ನಾ ವಾದ ಮಾಡಿದೆ. "ಬಸ್ಸು ಕೇಳಲಿಲ್ಲಲ್ರಿ," ಅಂದ ಅಷ್ಟ.

ಐದು ದಿನ ತಿರುಗಿದಿವಿ. ತೆಕ್ಕಲಕೋಟೆಯಾಗ ಒಂದು ಮನಿಯವರು ನನ್ನ ಗುರುತಿನ ಕಾರ್ಡ್ ಕೇಳಿದ್ರು, ತೋರಿಸಿದೆ. ಇಂಥಾವು ಈಗ ಮೂಲಿಗೊಂದು ಛಾಪಿಸ್ತಾರಂತ ನೀವ ಹೇಳಿದ್ರಿ ಅಂತ ತಿರುಗಿ ಕೊಟ್ರು. ಸುಂಕಪ್ಪನ ಮಾರಿ ನೋಡಿ ಒಳಗ ಕರದ್ರು. ಎಲ್ಲೀನೂ ಅವ ಊಟ ಮಾಡಲಿಲ್ಲ, ನೀರು ಒಂದ. ಕರಿಯಾಕ ಹೋದಾಂವ ಉಂಡ್ರ ಅದು ಅವನ ನೆಂಟಸ್ತಾನ ಆಕ್ಕೈತಿ, ಮದುವಿ ಮನೀದು ಆಗಂಗಿಲ್ಲ ಅಂತಿದ್ದ. ಬಸ್ಸಿನಾಗ ಕಿಟಕಿ ಹಂತ್ಯಾಕ ಕುಂತು ಎರಡೂ ಕಡಿ ಹಸಿರು ಭತ್ತ ನೋಡ್ಕೊಂತ, ಯಾವ ಗದ್ದಿ ಯಾರದು, ಅವರ ಮಗಳನ್ನ ಎಲ್ಲಿ ಕೊಟ್ಟಾರ, ಹೇಳ್ತಿದ್ದ. ಇಪ್ಪತ್ತು ವರ್ಷ ಅದ ದಾರಿಯಾಗ ತಿರುಗೀನಿ ನಾನು, ತಲಿ ಬಗ್ಗಿಸ್ಕೊಂಡು, ಫೋನಿನ ಪರದಿ ನೋಡ್ಕೊಂತ. ಆ ದಾರಿಯಾಗ ಇಷ್ಟು ಮಂದಿ ಇರ್ತಾರಂತ ನನಗ ಗೊತ್ತಿದ್ದಿಲ್ಲ.

ಕೊನೀದು ಕುರುಗೋಡು, ಮೂಕಮ್ಮತ್ತಿ ಮನಿ. ಅತ್ತಿ ನನ್ನ ನೋಡಿದ್ದ ತಡ ಸುರು ಮಾಡಿದ್ಳು. "ಲೇ ವಾಲ್ಮೀಕಿ! ಅಳಸ್ರಿ ಅಂದಿ, ಅಳಸೀನಿ. ಬಂದ್ ಮಾಡ್ರಿ ಅಂದಿ, ಬಂದ್ ಮಾಡೀನಿ. ನಿನ್ನ ಹೆದರಿಕಿಗೆ ಅವತ್ತಿಂದ ಫೋನ್ ಅಕ್ಕಿ ಡಬ್ಬಿಯಾಗ ಐತಿ. ಮೊಮ್ಮಗಳು ಹಡದದ್ದು ಮೂರು ದಿನ ತಡದು ಗೊತ್ತಾತು ನನಗ. ಈಗ ಯಾವ ಮಾರಿ ಹೊತ್ಕೊಂಡು ಬಂದಿ?" ನಾ ಕಾಲಿಗೆ ಬಿದ್ದೆ. ಅಕಿ ಬೆನ್ನಿಗೊಂದು ಗುದ್ದಿ, "ಬಸ್ ಸ್ಟ್ಯಾಂಡಿನಿಂದ ಛತ್ರಕ್ಕ ನಡದು ಹೋಗಾಕ ಆಕ್ಕೈತೇನು, ಆಟೋ ಬೇಕೇನು?" ಅಂದ್ಳು. ಸುಂಕಪ್ಪ ಹಿಂದ ನಿಂತು ಮೀಸ್ಯಾಗ ನಕ್ಕ.

ಅವತ್ತು ಸಂಜಿಮುಂದ ಬಳ್ಳಾರಿ ಬಸ್ ಸ್ಟ್ಯಾಂಡಿಗೆ ಬಂದಿವಿ. ಸುಂಕಪ್ಪನ ಹೆಗಲಿಗೆ ಹೊಸ ಟವಲು ಹೊಚ್ಚಿದೆ. "ನಿನ್ನ ಉಪಕಾರ ಮರಿಯಂಗಿಲ್ಲ ಮಾವ," ಅಂದೆ. ಸಿರುಗುಪ್ಪ ಬಸ್ಸು ಬಂತು. ಅವ ಮೆಟ್ಟಿಲ ಮ್ಯಾಲ ಒಂದು ಕಾಲಿಟ್ಟು ತಿರುಗಿ ನಿಂತ. ಟವಲಿನ ತುದಿ ಬೆರಳಿಗೆ ಸುತ್ತಿಕೊಂತ ಕೇಳಿದ: "ಎಲ್ಲಾ ಮುಗೀತಲ್ರಿ? ಯಾರೂ ಉಳದಿಲ್ಲಲ್ಲ?"

ನಾ ಕಿಸೆದಾಗಿನ ಪಟ್ಟಿ ತಗದು ಮ್ಯಾಲಿಂದ ಕೆಳಗ ನೋಡಿದೆ. ನಾ ಪಟ್ಟಿ ತಪ್ಪೋ ಮನುಷ್ಯ ಅಲ್ಲ. "ಒಬ್ರೂ ಉಳದಿಲ್ಲ ಮಾವ," ಅಂದೆ.

"ಹಂಗಾದ್ರ ಚಲೋ ಆತು," ಅಂದು ಬಸ್ ಹತ್ತಿದ.

ಮದುವಿಗೆ ಮಂದಿ ಬಂದ್ರಪ್ಪ! ಛತ್ರದಾಗ ಕಾಲಿಡಾಕ ಜಾಗ ಇದ್ದಿಲ್ಲ. ಕರೂರಿಂದ ಒಂದು ಬಸ್ಸಿನ ಮಂದಿ ಇಳದ್ರು. ಮೂಕಮ್ಮತ್ತಿ ಮುಂದಿನ ಕುರ್ಚಿ ಹಿಡದು ಬಂದವರಿಗೆಲ್ಲ ನನ್ನ ಫೋನಿನ ಕತಿ ಹೇಳಿ ನಗಿಸಿದ್ಳು. ಸಿರುಗುಪ್ಪದ ಅಂಗಡಿಯಾಂವ ಬರಲಿಲ್ಲ. ಅಡಿಗಿಯಾಂವಗ ನಾ ಐದು ಎಲಿ ಕಡಿಮಿ ಹೇಳಿರಲಿಲ್ಲ, ಐದು ಎಲಿ ಹಂಗ ಉಳದ್ವು.

ಎರ್ರಣ್ಣ ಹೊಸ ಪಂಚಿ ಉಟ್ಟು, ರುಮಾಲು ಸುತ್ತಿ, ಅಕ್ಷಿತಾನ ಕೈ ಹಿಡದ. ವಾಲಗದವರು ಸುರು ಮಾಡಿದ್ರು. ಅಕಿ ಎರಡು ಹೆಜ್ಜಿ ಇಟ್ಟು ನಿಂತ್ಳು, ಸುತ್ತ ನೋಡಿದ್ಳು. "ಮಾವ, ಸುಂಕಪ್ಪ ತಾತ ಎಲ್ಲಿ?"

ನಾ ಪಕ್ಕದಾಗ ಇದ್ದೆ. "ಇಲ್ಲೇ ಇರ್ತಾನವ್ವ, ಊಟದ ಕಡಿ ನೋಡು," ಅಂದೆ.

ಎರ್ರಣ್ಣ ನನ್ನ ಕಡಿ ತಿರುಗಿದ. "ಬಂದಿಲ್ಲ ಬಾವ. ಅವನ್ನ ಯಾರು ಕರದಾರ?"

"ಯಾರು ಕರದಾರ ಅಂದ್ರ? ಐದು ದಿನ ನನ್ನ ಜೊತಿಗೇ ಇದ್ದನಲ್ಲೋ! ದಿನ, ಹೊತ್ತು, ಛತ್ರ, ಎಲ್ಲಾ ಅವಗ ಗೊ..."

ಗೊತ್ತಿತ್ತು ಅನ್ನೋ ಮಾತು ಬಾಯಿಂದ ಹೊರಗ ಬರಲಿಲ್ಲ. 'ದಿನ ಗೊತ್ತಿದ್ರ ಆತೇನು ಬಾವ?' ಅಂತ ಎರ್ರಣ್ಣ ಎಂಟು ದಿನದ ಹಿಂದ ಫೋನಿನಾಗ ಅಂದು ಮುಗಿಸಿದ್ದ. ಬಸ್ಸಿನ ಮೆಟ್ಟಿಲ ಮ್ಯಾಲ ಆ ಮನುಷ್ಯ ತಿರುಗಿ ನಿಂತದ್ದು, ನಾ ಪಟ್ಟಿ ತಗದು ಓದಿದ್ದು, ಎಲ್ಲಾ ಕಣ್ಣ ಮುಂದ ಬಂತು. ಮಗಳ ಮದುವಿ ದಿನ, ಮುನ್ನೂರು ಮಂದಿ ನಡುವೆ, ನನ್ನ ಕೆನ್ನಿಗೆ ನಾನ ಹೊಡಕೋಬೇಕು ಅನ್ನಿಸ್ತು.

ಮದುವಿ ಮುಗದ ಮೂರನೇ ದಿನ, ಸೋಮವಾರ, ಬೂಂದಿ ಲಾಡು ಕಟ್ಟಿಸ್ಕೊಂಡು, ಹೊಸ ಕುಂಕುಮದ ಭರಣಿ ತಗೊಂಡು ಕರೂರಿಗೆ ಹೋದೆ. ಫೋನ್ ಮನಿಯಾಗ ಬಿಟ್ಟಿದ್ದೆ. ಸುಂಕಪ್ಪ ಗದ್ದಿಯಿಂದ ಬಂದು ಅಂಗಳದಾಗ ಕಾಲು ತೊಳಕೊಳ್ಳಾಕತ್ತಿದ್ದ. "ಬರ್ರಿ ಅಳಿಯಾರ! ಚಂದ ಆತಂತಲ್ರಿ ಮದುವಿ? ಎರ್ರಣ್ಣ ಹೇಳಿದ," ಅಂದ. ಮಾತಿನಾಗ ಸಿಟ್ಟಿದ್ದಿಲ್ಲ. ಹುಡುಕಿದೆ, ಎಲ್ಲೂ ಇದ್ದಿಲ್ಲ.

ನಾ ಹೊಸ್ತಿಲ ಹೊರಗ ನಿಂತೆ, ಒಳಗ ಹೋಗಲಿಲ್ಲ. ಇಬ್ರು ಬೇಕು. ಅವನ ಮನಿಯಾಗ ಇರಾಂವ ಒಬ್ಬ. ಪಕ್ಕದ ಮನಿ ಪಾರಮ್ಮನ್ನ ಕೂಗಿ ಕರದೆ, ಅವನ ಪಕ್ಕದಾಗ ನಿಲ್ಲಿಸಿದೆ. ಆಮ್ಯಾಲ ಅವನ ಹಣಿಗೆ ಕುಂಕುಮ ಹಚ್ಚಿದೆ, ಕೈಯಾಗ ಅಕ್ಕಿಕಾಳು ಹಾಕಿದೆ. "ಸುಂಕಪ್ಪ ಮಾವ, ಗುರುವಾರ ಅಕ್ಷಿತಾ, ಅಳಿಯ ಇಬ್ರೂ ಮನಿಗೆ ಬರ್ತಾರ. ನೀ ಊಟಕ್ಕ ಬರಬೇಕು. ದುರ್ಗಿ ಹೇಳಿ ಕಳಿಸ್ಯಾಳ. ನಾ ಕೈ ಮುಗುದು ಕರಿಯಾಕ ಬಂದೀನಿ," ಅಂದೆ.

ಪಾರಮ್ಮ ಬಾಯಿ ಮ್ಯಾಲ ಸೆರಗು ಹಿಡಕೊಂಡ್ಳು. "ಯಪ್ಪಾ, ನಾ ಈ ಓಣಿಗೆ ಸೊಸಿಯಾಗಿ ಬಂದು ನಲವತ್ತು ವರ್ಷ ಆತು. ಈ ಬಾಗಿಲಿಗೆ ಕುಂಕುಮ ಹಿಡಕೊಂಡು ಯಾರೂ ಬಂದಿದ್ದು ನೋಡಿಲ್ಲ. ಎಲ್ಲಾರೂ ಅವಗ ಗೊತ್ತ ಇರ್ತೈತಲ್ಲ ಅಂದವರ," ಅಂದ್ಳು.

ಸುಂಕಪ್ಪ ಕೈಯಾಗಿನ ಅಕ್ಕಿಕಾಳು ನೋಡ್ಕೊಂತ ನಿಂತ. ಒಂದೊಂದ ಎಣಿಸಾಕತ್ತಾನೇನೋ ಅನ್ನೋವಂಗ. ಆಮ್ಯಾಲ ಮಾರಿ ಎತ್ತಿ ನಕ್ಕ.

"ಬರ್ತೀನಿ ಅಳಿಯಾರ," ಅಂದ. "ಬರ್ತೀನಿ."

ನಾ ನಿಂತೆ. ಬಸ್ಸಿನ ಮಾತು ಕೇಳ್ತಾನೇನೋ ಅಂತ ನಿಂತೆ. ಅವ ಒಳಗ ಹೋಗಿ ನನಗ ಒಂದು ತಂಬಿಗಿ ನೀರು ತಂದು ಕೊಟ್ಟ. ಕುಡದೆ. ಬಸ್ಸಿನ ಮಾತು ಕೇಳಲಿಲ್ಲ.

ಗುರುವಾರ ಒಂದು ಎಲಿ ಹಂಗ ಉಳೀತು. ದುರ್ಗಾದೇವಿ ಅದನ್ನ ತೆಗೀಲಿಲ್ಲ, ನಾನೂ ತೆಗೀ ಅನ್ನಲಿಲ್ಲ. ಮುಂದಿನ ಸೋಮವಾರ ಮತ್ತ ಹೋದೆ, ಪಾರಮ್ಮನ್ನ ಕರದೆ, ಕುಂಕುಮ ಹಚ್ಚಿದೆ. "ಬರ್ತೀನಿ, ಬರ್ತೀನಿ," ಅಂದ. ನಾಳೆ ಮತ್ತ ಸೋಮವಾರ. ರಜಾ ಚೀಟಿ ಬರದಿಟ್ಟೀನಿ. ಬಳ್ಳಾರಿಗೆ ಬಸ್ಸು ಎಷ್ಟೊತ್ತಿಗೆ ಅಂತ ಅವ ಕೇಳೋತನಕ ಹೋಗ್ತೀನಿ.